ನೆಲದ ಡೊಂಕಿಗೇ ಕುಣಿದವರು: ಎಲೆಕ್ಟ್ರಿಕ್ ಗಿಟಾರಿನ ಟೋನ್ ಯಾರದು?

ಇವತ್ತಿನ ಮಾತು ಇತಿಹಾಸದ್ದೇ, ಆದರೆ ಶುರುವಾಗೋದು ನನ್ನ ಜೇಬಿನಿಂದ.

ನಾನು ಪುಣೆಗೆ ಬಂದು ಒಂಬತ್ತು ವರ್ಷ ಆಯ್ತು. ಬರುವಾಗ ಒಂದು ಅಗ್ಗದ ಗಿಟಾರ್ ಇತ್ತು. ಈಗ ಮೂರು ಗಿಟಾರ್, ಆರು ಪೆಡಲ್ ಇವೆ. ಪ್ರತಿ ವರ್ಷ ಸಂಬಳ ಏರಿದಾಗ ಒಂದೊಂದು ಬಂತು ಅನ್ನಿ. ಹೋದ ತಿಂಗಳು ಏಳನೇ ಪೆಡಲ್ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡೋಣ ಅನ್ನಿಸ್ತು. ಒಂದೇ ತುಣುಕನ್ನು ಹಳೆಯ ಗಿಟಾರಿನಲ್ಲೂ ಹೊಸದರಲ್ಲೂ ನುಡಿಸಿ, ರೆಕಾರ್ಡ್ ಮಾಡಿ, ಹೆಂಡತಿಗೆ ಕೇಳಿಸಿದೆ. ಯಾವುದು ಯಾವುದು ಹೇಳು ಅಂದೆ. ಅವಳು ಎರಡನ್ನೂ ಕೇಳಿ, "ಎರಡರಲ್ಲೂ ಅದೇ ಜಾಗದಲ್ಲಿ ಅವಸರ ಮಾಡ್ತೀಯಲ್ಲ" ಅಂದಳು.

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ನಾನು ಒಂಬತ್ತು ವರ್ಷದಿಂದ ನೆಲ ರಿಪೇರಿ ಮಾಡಿಸ್ತಾ ಇದ್ದೆ.

ಹಾಗಾದರೆ ಗಿಟಾರಿನ ಟೋನ್, ಅಂದ್ರೆ ಸ್ವರ ಅಲ್ಲ, ಸ್ವರದ ಬಣ್ಣ, ಎಲ್ಲಾ ಕೈಯಲ್ಲೇ ಇದೆಯಾ? ಸಲಕರಣೆಗೆ ಏನೂ ಪಾಲಿಲ್ವಾ? ಗಾದೆ ಹೇಳಿ ಮುಗಿಸೋಕೆ ಹೊರಟಿದ್ದೆ. ಇತಿಹಾಸ ಓದಿದ ಮೇಲೆ ಅಷ್ಟು ಸುಲಭ ಅಲ್ಲ ಅಂತ ಗೊತ್ತಾಯ್ತು.

1920ರ ದಶಕದ ಅಮೆರಿಕಕ್ಕೆ ಹೋಗೋಣ. ನೃತ್ಯದ ಬ್ಯಾಂಡುಗಳಲ್ಲಿ ಟ್ರಂಪೆಟ್, ಸ್ಯಾಕ್ಸೊಫೋನ್, ಡ್ರಮ್‌ಗಳ ಅಬ್ಬರ. ಅದರ ನಡುವೆ ಗಿಟಾರ್ ಇದ್ದರೂ ಕೇಳುತ್ತಿರಲಿಲ್ಲ. ಸಮಸ್ಯೆ ಕೈಯದ್ದಲ್ಲ, ಪೆಟ್ಟಿಗೆಯದ್ದು. 1931ರಲ್ಲಿ ಜಾರ್ಜ್ ಬೀಚಂ ಎಂಬಾತ ಉಕ್ಕಿನ ತಂತಿಯ ಹತ್ತಿರ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ಇಟ್ಟ. ತಂತಿ ನಡುಗಿದಂತೆ ಸುರುಳಿಯಲ್ಲಿ ವಿದ್ಯುತ್ತು ಏರಿಳಿಯುತ್ತೆ. ಅದನ್ನು ಆಂಪ್ಲಿಫೈಯರ್ ದೊಡ್ಡದು ಮಾಡುತ್ತೆ. 1932ರಲ್ಲಿ ಮಾರಾಟಕ್ಕೆ ಬಂದ ಆ ವಾದ್ಯ ನೋಡೋಕೆ ಹಿಡಿ ಇರುವ ಬಾಣಲೆ ಥರ ಇತ್ತು, ಹೆಸರೂ ಹಾಗೇ ಉಳೀತು.

1936ರಲ್ಲಿ ಗಿಬ್ಸನ್ ಕಂಪನಿ ಇಎಸ್-150 ತಂತು. ಅಂಗಡಿಯಲ್ಲಿ ದುಡ್ಡು ಕೊಟ್ಟ ಯಾರಿಗಾದರೂ ಸಿಗುತ್ತಿದ್ದ ಗಿಟಾರ್ ಅದು. 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿದ ಚಾರ್ಲಿ ಕ್ರಿಶ್ಚಿಯನ್ ಅದರಲ್ಲಿ ಸ್ಯಾಕ್ಸೊಫೋನಿನಂತೆ ಉದ್ದುದ್ದ ಸಾಲುಗಳನ್ನು ನುಡಿಸಿದ. 25ನೇ ವಯಸ್ಸಿಗೆ, 1942ರಲ್ಲಿ, ಕ್ಷಯದಿಂದ ತೀರಿಹೋದ. ಆ ಯಂತ್ರ ಇಲ್ಲದೆ ಅವನ ಸಂಗೀತ ಯಾರಿಗೂ ಕೇಳುತ್ತಿರಲಿಲ್ಲ ನಿಜ. ಆದರೆ ಯಂತ್ರ ಕೊಂಡವರೆಲ್ಲ ಚಾರ್ಲಿ ಕ್ರಿಶ್ಚಿಯನ್ ಆಗಲಿಲ್ಲವಲ್ಲ!

ಇಲ್ಲಿಯವರೆಗೆ ಎಂಜಿನಿಯರುಗಳಿಗೆ ಗುರಿ ಒಂದೇ: ಜೋರಾಗಬೇಕು, ಆದರೆ ಸ್ವಚ್ಛವಾಗಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಲಿಯೊ ಫೆಂಡರ್ ಕೂಡ ಅದನ್ನೇ ಬಯಸಿದ. ತಮಾಷೆ ಏನಂದ್ರೆ, 1954ರಲ್ಲಿ ಸ್ಟ್ರಾಟೊಕ್ಯಾಸ್ಟರ್ ತಂದ ಈ ಮಹಾಶಯನಿಗೆ ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ.

ಈ ಕಥೆ ತಿರುಗೋದು ಕೆಟ್ಟುಹೋದ ಸಾಮಾನಿನಿಂದ. 1951ರಲ್ಲಿ ಐಕ್ ಟರ್ನರ್ ತಂಡ 'ರಾಕೆಟ್ 88' ರೆಕಾರ್ಡ್ ಮಾಡೋಕೆ ಮಿಸಿಸಿಪಿಯಿಂದ ಮೆಂಫಿಸ್‌ಗೆ ಹೊರಟಿತ್ತು. ದಾರಿಯಲ್ಲಿ ಗಿಟಾರಿಸ್ಟ್ ವಿಲ್ಲಿ ಕಿಜಾರ್ಟ್‌ನ ಆಂಪ್ಲಿಫೈಯರ್ ಹಾಳಾಯ್ತು. ಬಿದ್ದು ಅಂತ ಕೆಲವರು, ಮಳೆಗೆ ನೆನೆದು ಅಂತ ಕೆಲವರು ಹೇಳ್ತಾರೆ. ಸ್ಪೀಕರಿನೊಳಗೆ ಕಾಗದ ತುರುಕಿ ನುಡಿಸಿದರು. ಸ್ಟುಡಿಯೋದ ಸ್ಯಾಮ್ ಫಿಲಿಪ್ಸ್ ಆ ಒಡಕು ದನಿ ಕೇಳಿ, ಇದೇ ಇರಲಿ ಅಂದ. 1958ರಲ್ಲಿ ಲಿಂಕ್ ರೇ 'ರಂಬಲ್'ಗಾಗಿ ಪೆನ್ಸಿಲಿನಿಂದ ಸ್ಪೀಕರಿಗೆ ತೂತು ಹೊಡೆದ. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಬ್ಲೇಡ್ ಹಾಕಿ ಸ್ಪೀಕರನ್ನೇ ಸೀಳಿದ.

ನನಗೆ ಹೆಚ್ಚು ಇಷ್ಟವಾದದ್ದು ನ್ಯಾಶ್‌ವಿಲ್‌ನದು. 1961ರಲ್ಲಿ ಬಂದ ಮಾರ್ಟಿ ರಾಬಿನ್ಸ್ ಅವರ 'ಡೋಂಟ್ ವರಿ' ಹಾಡಿನ ಮಧ್ಯೆ ಗ್ರೇಡಿ ಮಾರ್ಟಿನ್ ನುಡಿಸಿದ ಬಾಸ್ ಇದ್ದಕ್ಕಿದ್ದಂತೆ ಜೀರುಂಡೆ ಥರ ಗುಂಯ್‌ಗುಡುತ್ತೆ. ಸ್ಟುಡಿಯೋದ ಮಿಕ್ಸಿಂಗ್ ಕನ್ಸೋಲಿನ ಒಂದು ಚಾನೆಲ್ ಕೆಟ್ಟಿತ್ತು. ಆದರೂ ಅದನ್ನು ಹಾಗೇ ಬಿಟ್ಟರು. ಜನಕ್ಕೆ ಹಿಡಿಸ್ತು. ಎಂಜಿನಿಯರ್ ಗ್ಲೆನ್ ಸ್ನಾಡಿ ಆಮೇಲೆ ಅದೇ ದೋಷವನ್ನು ಬೇಕಾದಾಗ ಬರುವಂತೆ ಟ್ರಾನ್ಸಿಸ್ಟರುಗಳಲ್ಲಿ ಕಟ್ಟಿದರು. 1962ರಲ್ಲಿ ಅದು ಮಾಯೆಸ್ಟ್ರೋ ಫಝ್-ಟೋನ್ ಪೆಡಲ್ ಆಗಿ ಬಂತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬಗ್ ಅನ್ನೇ ಫೀಚರ್ ಮಾಡಿದರು! ಅದನ್ನು ಮಾರಿದ್ದಾದರೂ ಹೇಗೆ? ಗಿಟಾರಿನಿಂದ ಟ್ರಂಪೆಟ್, ಟ್ಯೂಬಾದಂಥ ದನಿ ಬರುತ್ತೆ ಅಂತ. ಯಾವ ವಾದ್ಯಗಳ ಗಲಾಟೆಯಲ್ಲಿ ಗಿಟಾರ್ ಮುಳುಗಿತ್ತೋ, ಅದಕ್ಕೆ ಅವುಗಳದ್ದೇ ವೇಷ! 1965ರಲ್ಲಿ ಕೀತ್ ರಿಚರ್ಡ್ಸ್ 'ಸ್ಯಾಟಿಸ್‌ಫ್ಯಾಕ್ಷನ್'ನಲ್ಲಿ ಫಝ್ ಬಳಸಿದ್ದೂ ಮುಂದೆ ಊದುವ ವಾದ್ಯಗಳು ಬರಬೇಕಾದ ಜಾಗವನ್ನು ಗುರುತು ಹಾಕೋಕೆ. ಆ ಗುರುತೇ ಹಾಡಾಯ್ತು, ಅಂಗಡಿಗಳಲ್ಲಿ ಪೆಡಲ್ ಖಾಲಿಯಾಯ್ತು.

ಈಗ ಸ್ವಲ್ಪ ಎಂಟೆಕ್ ಪಾಠ, ಎರಡೇ ನಿಮಿಷ. ಸ್ವಚ್ಛವಾದ ಆಂಪ್ಲಿಫೈಯರಿಗೆ ಎರಡರಷ್ಟು ಕೊಟ್ಟರೆ ಎರಡರಷ್ಟೇ ದೊಡ್ಡದಾಗಿ ಬರುತ್ತೆ, ಅಲೆಯ ಆಕಾರ ಬದಲಾಗಲ್ಲ. ಇದು ಲೀನಿಯರ್. ಮಿತಿ ಮೀರಿ ದುಡಿಯುವ ಆಂಪ್ ಹಾಗಲ್ಲ. ಮೆಲ್ಲಗೆ ಮೀಟಿದರೆ ಅಲೆ ಹಾಗೇ ದಾಟುತ್ತೆ. ಜೋರಾಗಿ ಮೀಟಿದರೆ ಅಲೆಯ ನೆತ್ತಿ ಮಟ್ಟಸವಾಗಿ ಕತ್ತರಿಸಿಹೋಗಿ ಹೊಸ ಹಾರ್ಮೋನಿಕ್ಸ್ ಹುಟ್ಟುತ್ತವೆ. ಅಂದ್ರೆ ಬೆರಳಿನ ಒತ್ತಡ ಬರೀ ಸದ್ದನ್ನಲ್ಲ, ಬಣ್ಣವನ್ನೇ ಬದಲಾಯಿಸುತ್ತೆ. ಇಂಥ ಕಡೆ ಕೈಯದ್ದೆಷ್ಟು, ಯಂತ್ರದ್ದೆಷ್ಟು ಅಂತ ಶೇಕಡಾ ಲೆಕ್ಕ ಹಾಕೋಕಾಗಲ್ಲ. ಮೊಸರಿನಲ್ಲಿ ಹಾಲೆಷ್ಟು, ಹೆಪ್ಪೆಷ್ಟು ಅಂತ ಬೇರೆ ಮಾಡಿ ತೋರಿಸಿ ನೋಡೋಣ!

ಟೋನಿ ಐಯೊಮಿಯ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. 1965, ಬರ್ಮಿಂಗ್‌ಹ್ಯಾಮ್. ತಗಡಿನ ಕಾರ್ಖಾನೆಯಲ್ಲಿ ಕೆಲಸದ ಕೊನೆಯ ದಿನ, 17ರ ಹುಡುಗನ ಬಲಗೈಯ ಎರಡು ಬೆರಳ ತುದಿ ಯಂತ್ರಕ್ಕೆ ಸಿಕ್ಕಿ ಹೋದವು. ಅವನು ಎಡಚ, ತಂತಿ ಒತ್ತುವ ಕೈ ಅದೇ. ಮ್ಯಾನೇಜರ್ ಒಬ್ಬರು ಜಾಂಗೊ ರೈನ್‌ಹಾರ್ಟ್ ರೆಕಾರ್ಡ್ ಕೇಳಿಸಿದರು. 1928ರಲ್ಲಿ ಬೆಂಕಿಯಲ್ಲಿ ಕೈ ಸುಟ್ಟು, ಮುಖ್ಯವಾಗಿ ಎರಡೇ ಬೆರಳಲ್ಲಿ ನುಡಿಸಿದಾತ ಜಾಂಗೊ. ಐಯೊಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿ, ಮೇಲೆ ಚರ್ಮ ಅಂಟಿಸಿದ. ದಪ್ಪ ತಂತಿ ನೋಯುತ್ತಿತ್ತು, ಬ್ಯಾಂಜೊದ ತೆಳ್ಳನೆ ತಂತಿ ಹಾಕಿದ. ಮುಂದೆ ಬಿಗಿಯನ್ನೂ ಇಳಿಸಿದ. 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಯ ಕೆಲವು ಹಾಡುಗಳಲ್ಲಿ ಗಿಟಾರ್ ಮೂರು ಅರ್ಧಸ್ವರ ಕೆಳಗಿದೆ. ಬ್ಲ್ಯಾಕ್ ಸಬ್ಬತ್‌ನ ಆ ಭಾರದ ದನಿ ಸಲಕರಣೆಯದ್ದಾ, ಕೈಯದ್ದಾ? ಗಾಯಗೊಂಡ ಕೈಗೆ ತಕ್ಕಂತೆ ಸಲಕರಣೆ ಬದಲಾಯ್ತು, ಬದಲಾದ ಸಲಕರಣೆ ಹೊಸ ದನಿ ಕೊಡ್ತು. ಯಾವುದನ್ನು ಬೇರೆ ಮಾಡ್ತೀರಿ?

ಹಾಗಾಗಿ ಗಾದೆಯನ್ನು ಸ್ವಲ್ಪ ತಿದ್ದಬೇಕು. ನೆಲ ಕೆಲವು ಸಲ ನಿಜಕ್ಕೂ ಡೊಂಕಿರುತ್ತೆ. ಇವರೆಲ್ಲ ಆ ಡೊಂಕಿಗೇ ಹೆಜ್ಜೆ ಹಾಕಿದರು. ಆದರೆ ಈ ಎಲ್ಲ ಕಥೆಗಳಲ್ಲೂ ಒಂದು ಗಳಿಗೆ ಇದೆ, ಗಮನಿಸಿದ್ರಾ? ಯಾರೋ ಒಬ್ಬರು ಸುಮ್ಮನೆ ನಿಂತು, ಹೊರಗೆ ಬಂದ ಸದ್ದನ್ನು ಕೇಳಿಸಿಕೊಂಡಿದ್ದಾರೆ. ಕೇಳಿದ ಮೇಲೆ ತಾನೇ ಇದು ಇರಲಿ ಅಂತಲೋ, ಸಾಲದು ಅಂತಲೋ ತೀರ್ಮಾನ!

ನಾನು ಮಾಡದೇ ಇದ್ದದ್ದು ಇದೊಂದೇ. ಒಂಬತ್ತು ವರ್ಷ ಬೇರೆಯವರ ಟೋನ್ ಹುಡುಕಿದೆ, ನನ್ನದನ್ನು ಒಂದು ದಿನವೂ ನೆಟ್ಟಗೆ ಕೇಳಲಿಲ್ಲ. ಹೆಂಡತಿ ಒಂದೇ ಸಲಕ್ಕೆ ಕೇಳಿಸಿಕೊಂಡಳು.

ಏಳನೇ ಪೆಡಲ್ ಆರ್ಡರ್ ಮಾಡಲಿಲ್ಲ. ದಿನಾ ರಾತ್ರಿ ಊಟ ಆದಮೇಲೆ ಆ ನಾಲ್ಕು ಮಾತ್ರೆಯ ಜಾಗವನ್ನು ನಿಧಾನವಾಗಿ ನುಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳ್ತಾ ಇದ್ದೀನಿ. ಹಳೇ ಗಿಟಾರಿನಲ್ಲೇ. ಅವಸರ ಇನ್ನೂ ಪೂರ್ತಿ ಹೋಗಿಲ್ಲ, ಆದರೆ ಈಗ ನನಗೂ ಕೇಳುತ್ತೆ.