ಚಿಂಕ್ವೆ ತೆರ್ರೆ: ಗೋಡೆ ನಿಂತರೆ ಗುಡ್ಡ ನಿಂತೀತು

ಇಟಲಿಯ ಲಿಗೂರಿಯಾ ಕರಾವಳಿಯ ಈ ಐದು ಊರುಗಳ ಚೆಲುವಿನಲ್ಲಿ ನಿಸರ್ಗದಷ್ಟೇ ರೈತರ ಪಾಲೂ ಇದೆ. ಗುಡ್ಡದ ಮೆಟ್ಟಿಲು ತಾಕುಗಳನ್ನು ಹಿಡಿದಿಟ್ಟಿರುವ ಅವರ ಕಲ್ಲುಗೋಡೆಯನ್ನು ಹತ್ತಿರದಿಂದ ನೋಡಿ: ಗಾರೆಯಿಲ್ಲ, ದೊಡ್ಡ ಕಲ್ಲುಗಳ ಸಂದಿಗೆ ಚಿಕ್ಕ ಚಕ್ಕೆಗಳನ್ನು ಬಿಗಿದಿದ್ದಾರೆ. ಮಳೆನೀರು ಜಿನುಗಿ ಹೋಗುತ್ತದೆ, ಮಣ್ಣು ಉಳಿಯುತ್ತದೆ. ಕಡಿದಾದ ಗುಡ್ಡದಲ್ಲಿ ದ್ರಾಕ್ಷಿ, ಆಲಿವ್ ಬೆಳೆಯುವುದು ಈ ಮೆಟ್ಟಿಲು ತಾಕುಗಳಿಂದಲೇ ಸಾಧ್ಯವಾಗಿದೆ.

ಪ್ರವಾಸಿಗರೇ ಊರನ್ನು ಸಾಕುತ್ತಿರುವಾಗ ಗಿಟ್ಟದ ಬೇಸಾಯವೇಕೆ ಎನ್ನುವವರಿದ್ದಾರೆ. ಆದಾಯದ ಮಟ್ಟಿಗೆ ಆ ಮಾತು ಸರಿಯಿರಬಹುದು. ಆದರೆ ಬೇಸಾಯ ನಿಂತಲ್ಲಿ ಗೋಡೆಗೆ ದುರಸ್ತಿಯಿಲ್ಲ. ಗೋಡೆ ಕುಸಿದಲ್ಲಿ ಗುಡ್ಡವೂ ಜಾರುತ್ತದೆ. 2011ರ ಅಕ್ಟೋಬರ್ 25ರ ಮಹಾಮಳೆಯಲ್ಲಿ ಪಾಳುಬಿದ್ದ ತಾಕುಗಳಿಂದಲೂ ಮಣ್ಣು ಜಾರಿತು. ವೆರ್ನಾಜಾ, ಮೊಂತೆರೊಸ್ಸೊ ಊರುಗಳ ಬೀದಿಗಳು ಕೆಸರಿನಲ್ಲಿ ಹೂತುಹೋದವು. 1997ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ನೋಟದ ಆಧಾರ ಈ ಕಲ್ಲುಗಳೇ. ದಯವಿಟ್ಟು ಗೋಡೆ ಹತ್ತಬೇಡಿ, ಕಾಲುದಾರಿಯಲ್ಲೇ ನಡೆಯಿರಿ.