ಹಾರುವ ಹುಡುಗಿಯ ಇಳಿಯುವ ವಿದ್ಯೆ

ಚಿಯರ್‌ಲೀಡರ್ ಎಂದೊಡನೆ ನಮ್ಮವರ ಕಣ್ಣಮುಂದೆ ಬರುವುದು ಬೌಂಡರಿ ಗೆರೆಯಾಚೆ ಬಣ್ಣದ ಕುಚ್ಚು ಹಿಡಿದು ಕುಣಿಯುವ ಹುಡುಗಿಯರು. 2008ರಲ್ಲಿ ಐಪಿಎಲ್‌ನ ಮೊದಲ ಪಂದ್ಯಕ್ಕೆ ಅಮೆರಿಕದಿಂದ ಬೆಂಗಳೂರಿಗೆ ಬಂದವರೂ ಇಂಥ ನರ್ತಕಿಯರೇ. ಆದರೆ ಅಮೆರಿಕದ ಶಾಲೆ, ಕಾಲೇಜುಗಳಲ್ಲಿ ಈ ಹೆಸರಿಗೆ ಇನ್ನೊಂದು ಅರ್ಥವೂ ಇದೆ. ಅಲ್ಲಿ ಒಬ್ಬಾಕೆಯನ್ನು ತಲೆಗಿಂತ ಎತ್ತರಕ್ಕೆ ಎತ್ತಿ ನಿಲ್ಲಿಸುತ್ತಾರೆ, ಗಾಳಿಗೆ ಎಸೆದು ಮತ್ತೆ ಹಿಡಿಯುತ್ತಾರೆ. ಹಾಗೆ ಮೇಲೇರುವವಳೇ 'ಫ್ಲೈಯರ್'.

ಈ ಕಲೆ ಹುಟ್ಟಿದ್ದು ಗಂಡಸರ ಕೂಗಿನಿಂದ. 1898ರ ನವೆಂಬರ್ 2ರಂದು ಮಿನ್ನೆಸೋಟ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯದಲ್ಲಿ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಪ್ರೇಕ್ಷಕರ ಮುಂದೆ ನಿಂತು ಜಯಘೋಷ ಹಾಕಿಸಿದ. ಅದೇ ವಿಶ್ವವಿದ್ಯಾಲಯದಲ್ಲಿ 1923ರಲ್ಲಿ ಮಹಿಳೆಯರು ತಂಡ ಸೇರಿದರು. ಎರಡನೇ ಮಹಾಯುದ್ಧಕ್ಕೆ ಯುವಕರು ಹೊರಟಾಗ ಅವರ ಜಾಗವನ್ನು ತುಂಬಿದವರೂ ಮಹಿಳೆಯರೇ. 1948ರಲ್ಲಿ ಲಾರೆನ್ಸ್ ಹರ್ಕಿಮರ್, 1974ರಲ್ಲಿ ಜೆಫ್ ವೆಬ್ ಸ್ಥಾಪಿಸಿದ ಸಂಸ್ಥೆಗಳ ಶಿಬಿರಗಳಿಂದ ತರಬೇತಿ ದೇಶದಾದ್ಯಂತ ಹರಡಿತು. ಎಂಬತ್ತರ ದಶಕದಲ್ಲಿ ಸ್ಪರ್ಧೆಗಳು ಟಿ.ವಿ.ಗೆ ಬಂದವು, ಸಾಹಸಗಳ ಎತ್ತರವೂ ಏರುತ್ತ ಹೋಯಿತು.

ಫ್ಲೈಯರ್‌ಳ ಮೊದಲ ಪಾಠ ಮಾತ್ರ ನೆಲದ ಮೇಲೆಯೇ: ಒಂಟಿಕಾಲಿನಲ್ಲಿ ನಿಂತು ಮೈ ಬಿಗಿಹಿಡಿಯುವುದು. ನಂತರ ಸಂಗಾತಿಗಳ ತೊಡೆಯ ಮೇಲೆ, ಆಮೇಲೆ ಅವರ ಭುಜದ ಎತ್ತರಕ್ಕೆ, ಕೊನೆಗೆ ಅವರು ಮೇಲೆತ್ತಿದ ಕೈಗಳ ಮೇಲೆ. ಕೆಳಗೆ ಇಬ್ಬರು 'ಬೇಸ್'ಗಳು ಪಾದ ಹಿಡಿದಿರುತ್ತಾರೆ. ಹಿಂದೆ ನಿಂತ 'ಸ್ಪಾಟರ್' ಆಕೆಯ ತಲೆ, ಕತ್ತನ್ನು ಕಾಯಬೇಕು. ಸಮತೋಲನ ಕೆಳಗಿನವರ ಹೊಣೆ. ಕಂಬದಂತೆ ಗಟ್ಟಿಯಾಗಿ ನಿಲ್ಲುವುದು ಆಕೆಯ ಹೊಣೆ. ಕೆಳಗೆ ನೋಡಿದರೆ ಮೈಭಾರ ಮುಂದಕ್ಕೆ ವಾಲುತ್ತದೆ.

ನಿಜವಾದ ಪರೀಕ್ಷೆ ಇಳಿಯುವಾಗ. 'ಕ್ರೇಡಲ್', ಅಂದರೆ ತೊಟ್ಟಿಲು ಎಂಬ ಇಳಿತದಲ್ಲಿ ಬೇಸ್‌ಗಳು ಮೊಣಕಾಲು ಬಗ್ಗಿಸಿ ಆಕೆಯನ್ನು ಮೇಲಕ್ಕೆ ಚಿಮ್ಮಿಸುತ್ತಾರೆ. ಆಕೆ ನೆಟ್ಟಗೆ ಮೇಲೇರಿ, ಕೆಳಗಿಳಿಯುವಾಗ ಬೆನ್ನ ಮೇಲೆ ಮಲಗಿದಂತಾಗಿ, ಸೊಂಟದಲ್ಲಿ ಬಾಗುತ್ತಾಳೆ. ಬೇಸ್‌ಗಳು ಬೆನ್ನು, ತೊಡೆಗಳನ್ನು, ಸ್ಪಾಟರ್ ಕಂಕುಳನ್ನು ಹಿಡಿಯುತ್ತಾರೆ. ಗಳಿಗೆ ಮೊದಲೇ ಬಾಗಿದರೆ ಸೊಂಟ ಕುಸಿದು ಹಿಡಿತ ತಪ್ಪುತ್ತದೆ.

ಹಿಡಿತ ತಪ್ಪಿದ್ದರ ಬೆಲೆ ದೊಡ್ಡದು. ಉತ್ತರ ಕೆರೋಲಿನಾದ ಗಂಭೀರ ಕ್ರೀಡಾ ಗಾಯಗಳ ಅಧ್ಯಯನ ಕೇಂದ್ರದ ಪ್ರಕಾರ, 1982ರಿಂದ ಕಾಲು ಶತಮಾನದ ಅವಧಿಯಲ್ಲಿ ಪ್ರೌಢಶಾಲಾ ಬಾಲಕಿಯರಿಗಾದ ಅತಿ ಗಂಭೀರ ಗಾಯಗಳಲ್ಲಿ ಅರ್ಧಕ್ಕೂ ಹೆಚ್ಚು ಚಿಯರ್‌ಲೀಡಿಂಗ್‌ನಿಂದ ಆದವು. 2006ರ ಮಾರ್ಚ್‌ನಲ್ಲಿ ಸೇಂಟ್ ಲೂಯಿಸ್‌ನ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಮಾನವ ಪಿರಮಿಡ್‌ನಿಂದ ಸುಮಾರು 15 ಅಡಿ ಕೆಳಗೆ ಬಿದ್ದ ವಿದ್ಯಾರ್ಥಿನಿ, ಸ್ಟ್ರೆಚರ್ ಮೇಲೆ ಮಲಗಿದ್ದಾಗಲೂ ಬ್ಯಾಂಡ್ ಸಂಗೀತಕ್ಕೆ ಕೈಯಾಡಿಸಿದಳು. ಆ ವರ್ಷವೇ ನಿಯಮಗಳು ಬಿಗಿಯಾದವು. ಪ್ರೌಢಶಾಲೆಗಳಲ್ಲಿ ಫ್ಲೈಯರ್‌ಳನ್ನು ಮೇಲಕ್ಕೆಸೆಯುವ 'ಬಾಸ್ಕೆಟ್ ಟಾಸ್' ಗಟ್ಟಿ ನೆಲದ ಮೇಲೆ ನಿಷಿದ್ಧವಾಯಿತು. ಅಂಥ ಗಾಯಗಳೂ ಇಳಿದವು.

ಇದು ಆಟವೋ, ಆಟಕ್ಕೆ ಅಲಂಕಾರವೋ ಎಂಬ ಪ್ರಶ್ನೆ ಬರೀ ಪ್ರತಿಷ್ಠೆಯದಲ್ಲ. ಕ್ರೀಡೆಯೆಂಬ ಮಾನ್ಯತೆಯಿದ್ದರೆ ತರಬೇತಿ ಪಡೆದ ಕೋಚ್, ವೈದ್ಯಕೀಯ ನೆರವು, ಮ್ಯಾಟ್ ಹಾಸಿದ ಜಾಗ ಸಿಗುತ್ತವೆ. 2010ರಲ್ಲಿ ಕನೆಕ್ಟಿಕಟ್‌ನ ಫೆಡರಲ್ ನ್ಯಾಯಾಲಯ ಸ್ಪರ್ಧಾತ್ಮಕ ಚಿಯರ್‌ಲೀಡಿಂಗನ್ನು ಕಾಲೇಜು ಕ್ರೀಡೆಯೆಂದು ಪರಿಗಣಿಸಲು ಒಪ್ಪಲಿಲ್ಲ. ಎರಡೇ ವರ್ಷದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಇದಕ್ಕೆ ಕ್ರೀಡೆಯ ಮಾನ್ಯತೆ ಕೊಡಿ ಎಂದಿತು. 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದರ ವಿಶ್ವ ಒಕ್ಕೂಟಕ್ಕೆ ಪೂರ್ಣ ಮಾನ್ಯತೆ ನೀಡಿತು. ಮೇಲೇರಿದವಳನ್ನು ಹಿಡಿಯುವ ಹೊಣೆ ಕೆಳಗೆ ನಿಂತ ಮೂವರದಷ್ಟೇ ಅಲ್ಲ ಎಂಬುದನ್ನು ಒಪ್ಪಲು ಇಷ್ಟು ಕಾಲ ಬೇಕಾಯಿತು.