ಒಂದು ಬಟ್ಟಿನ ನಮಸ್ಕಾರ

ಚಕ್ಕಡಿ ಕಾಲದಾಗ ಹಾದ್ಯಾಗ ಎದುರಾದವರಿಗೆ ಕೈ ಎತ್ತೋ ಪದ್ಧತಿನ ಬೇಕಾಗಿರಲಿಲ್ಲ. ಎತ್ತಿನ ಗಾಡಿ ತಾಸಿಗೆ ಮೂರು, ಭಾಳ ಅಂದ್ರ ನಾಲ್ಕು ಕಿಲೊಮೀಟರು ಹೋಗತದ. ಎದುರಿನ ಗಾಡಿಯ ಗೆಜ್ಜಿ ಸಪ್ಪಳ ಒಂದು ಹೊಲದ ಆಚೆಯಿಂದನ ಕೇಳಸತದ. ಸಮೀಪ ಬರೋದರೊಳಗ "ಯಾವೂರಾತ್ರಿ?" ಅಂತ ಶುರು ಆಗಿ, "ಸಂತಿಗೇನು?", "ಅಲ್ಲೆ ಮಳಿ ಆತೇನು?", "ಹಳ್ಳದಾಗ ನೀರು ಎಷ್ಟ ಅದ?" ಅನ್ನೋ ತನಕ ಎಲ್ಲಾ ವಿಚಾರಣಿ ಮುಗಿದಿರತಿತ್ತು. ಗಾಡಿ ದಾಟಿ ಹೋದ ಮ್ಯಾಲೂ ಹಿಂದ ಕೂತ ಹೆಣ್ಣಮಕ್ಕಳದು ಇನ್ನೂ ನಡದ ಇರತಿತ್ತು. ಅವರು ಹಿಂದಕ್ಕ ಮುಖ ಮಾಡಿ ಕಾಲು ಇಳಿಬಿಟ್ಟು ಕೂತಿರತಿದ್ರಲ್ಲ, ಗಂಡಸರಿಗಿಂತ ಅವರಿಗೆ ನಾಲ್ಕು ಮಾತಿನ ವ್ಯಾಳ್ಯಾ ಹೆಚ್ಚಿಗೆ ಸಿಗತಿತ್ತು.

ಇವು ಬರೇ ಉಪಚಾರದ ಮಾತು ಅಂತ ತಿಳೀಬ್ಯಾಡ್ರಿ. ಹಳ್ಳದಾಗ ನೀರು ಎಷ್ಟ ಅದ ಅಂತ ಕೇಳದ ಇಳದ್ರ ಎತ್ತು, ಗಾಡಿ, ಮಡಿಲಾಗಿನ ಕೂಸು ಎಲ್ಲಾ ಹೋಗೋ ಮಾತು. ಮುಂದಿನ ಹಾದಿಯ ಸುದ್ದಿ ಗೊತ್ತಿರೋದು ಒಬ್ಬನಿಗೇ, ಅದೇ ಹಾದೀಲೆ ಈಗ ಬಂದವಗ. ಅವ ಯಾರರ ಇರಲಿ, ಯಾವ ಜಾತಿಯವನರ ಇರಲಿ, ಅವನ್ನ ಮಾತಾಡಸದ ಬಿಡೋದು ಶಾಣ್ಯಾತನ ಅಲ್ಲ. ಗಾಡಿಯ ವೇಗ ಹೆಚ್ಚಾದಂಗೆಲ್ಲಾ ಈ ಮಾತು ಕುಗ್ಗಿ ಕುಗ್ಗಿ, ಕಡೀಕೆ ಸ್ಟೇರಿಂಗಿನ ಮ್ಯಾಲಿಂದ ಎತ್ತೋ ಒಂದು ಬಟ್ಟಿಗೆ ಬಂದು ನಿಂತದ. ಅದು ಹೆಂಗ ಆತು ಅನ್ನೋದನ್ನ ಬರೀಬೇಕು ಅಂತ ಭಾಳ ದಿನದಿಂದ ಇತ್ತು.

ಈ ಕುಗ್ಗಿದ ಕಥಿ ಎಲ್ಲಾ ದೇಶದಾಗೂ ನಡದಿರಬೇಕು. ಬರದಿಟ್ಟದ್ದು ಇಂಗ್ಲೆಂಡಿನಾಗ ಛಲೋ ಸಿಗತದ. ಅಲ್ಲೆ ರೈಲು ಬರೋಕಿಂತ ಮೊದಲ ನಾಲ್ಕು ಕುದರಿ ಕಟ್ಟಿದ ಸಾರೋಟು ಊರಿಂದೂರಿಗೆ ಮಂದೀನ, ಟಪಾಲು ಚೀಲಾನ ಒಯ್ಯತಿದ್ವು. ಗಟ್ಟಿ ಸಡಕಿನ ಮ್ಯಾಲೆ ತಾಸಿಗೆ 10 ಮೈಲಿ, ಅಂದ್ರ 16 ಕಿಲೊಮೀಟರಿನ ಹತ್ತರ. ಎದುರಾಬದುರಾ ಬಂದ ಎರಡು ಸಾರೋಟು ದಾಟಲಿಕ್ಕೆ ಎರಡು ಉಸಿರಿನ ಹೊತ್ತು ಸಾಕು. ಹೊಡಿಯವನ ಎಡಗೈಯಾಗ ನಾಲ್ಕೂ ಕುದರಿಯ ಲಗಾಮು, ಬಲಗೈಯಾಗ ಚಾವಟಿ. ಮಾತಾಡಲಿಕ್ಕೆ ವ್ಯಾಳ್ಯಾ ಇಲ್ಲ, ಟೊಪಿಗಿ ತಗೀಲಿಕ್ಕೆ ಕೈ ಇಲ್ಲ.

ಚಾರ್ಲ್ಸ್ ಡಿಕನ್ಸ್ 1836–37ರಾಗ ಕಂತಿನ ಮ್ಯಾಲೆ ಬರದ 'ಪಿಕ್‌ವಿಕ್ ಪೇಪರ್ಸ್' ಕಾದಂಬರ್ಯಾಗ ಈ ಸಾರೋಟಿನವರ ನಮಸ್ಕಾರದ ವರ್ಣನಿ ಮಾಡ್ಯಾನ. ಬಲಗೈಯ ಮಣಿಕಟ್ಟು ಗಕ್ಕನ ತಿರುವಬೇಕು, ಅದರ ಜೋಡೀನ ಕಿರಿಬಟ್ಟು ಮ್ಯಾಲೆ ಹಾರಸಬೇಕು. ಮುಗೀತು. ಡೋವರ್ ಊರಿನ ಸಡಕಿನಾಗ ದಿನಾ ಎದುರಾಗತಿದ್ದ ಅವಳಿ ಅಣ್ಣತಮ್ಮಂದಿರ ಸಂಗತೀನೂ ಅಲ್ಲೇ ಬರತದ. ಇಬ್ರೂ ಸಾರೋಟು ಹೊಡಿಯವರು. 24 ವರ್ಷ ಒಬ್ಬರಿಗೊಬ್ಬರು ಈ ಕಿರಿಬಟ್ಟು ಬಿಟ್ಟು ಬ್ಯಾರೆ ಯಾವ ಮಾತೂ ಆಡಿದ್ದಿಲ್ಲ. ಆದ್ರ ಒಬ್ಬ ಸತ್ತ ಮ್ಯಾಲೆ ಇನ್ನೊಬ್ಬನೂ ಕೊರಗಿ, ಭಾಳ ದಿನ ಉಳೀಲಿಲ್ಲಂತ. ಡಿಕನ್ಸ್ ಇದನ್ನ ನಗಸಲಿಕ್ಕೆ ಬರದಾನ. ನಂಗ ನಗಿ ಬರಲಿಲ್ಲ. ದಿನಾ ಮುಂಜಾನೆ ಅಂಗಳದಾಗ ರಂಗೋಲಿ ಹಾಕೋವಾಗ ಎದುರು ಮನಿಯಾಕಿ ಬರೇ ತಲಿ ಎತ್ತಿ ನೋಡಿ ಒಳಗ ಹೋಗತಾಳ. ಮಾತಿಲ್ಲ, ಕಥಿಯಿಲ್ಲ. ಆದ್ರ ಒಂದಿನ ಅಕಿ ಬಾಗಲಾ ತಗೀಲಿಲ್ಲ ಅಂದ್ರ ನಮ್ಮ ಕೈಯಾಗಿನ ರಂಗೋಲಿ ನಿಲ್ಲತದೋ ಇಲ್ಲೋ?

ಮುಂದ ಮೋಟಾರು ಬಂತು. ಉಗಿಬಂಡಿಗಳ ಕಾಲದಾಗನ, 1865ರಾಗ, ಇಂಗ್ಲೆಂಡಿನವರು ಒಂದು ಕಾಯದೆ ಮಾಡಿದ್ರು. ಕುದರಿ ಇಲ್ಲದ ಬಂಡಿ ಹಳ್ಳಿ ಕಡೆ ತಾಸಿಗೆ 4 ಮೈಲಿ, ಊರೊಳಗ 2 ಮೈಲಿಗಿಂತ ಜೋರ ಹೋಗೂಹಂಗಿಲ್ಲ, ಅದರ ಮುಂದ ಒಬ್ಬ ಮನಷಾ ಕೆಂಪು ಬಾವುಟ ಹಿಡಕೊಂಡು ನಡೀಬೇಕು. ನಮ್ಮ ಚಕ್ಕಡೀನ ಅದಕ್ಕಿಂತ ಛಲೋ ಆತು! 1896ರಾಗ ಆ ಕಾಯದೆ ತಗದು, 1903ರ ಕಾಯದೆದಾಗ ತಾಸಿಗೆ 20 ಮೈಲಿ ಅಂತ ಮಿತಿ ಹಾಕಿದ್ರು, ಗಾಡಿಗೆ ನಂಬರ್ ಪಾಟಿ ಕಡ್ಡಾಯ ಮಾಡಿದ್ರು. ಮೋಟಾರಿನವರು ಈ ಮಿತಿ ಪಾಲಸತಿದ್ದಿಲ್ಲ ಅನ್ನೋದು ಬ್ಯಾರೆ ಹೇಳಬೇಕಾಗಿಲ್ಲ. ಪೊಲೀಸರು ಹಾದಿಯ ಬಾಜೂಕ ಬೇಲಿ ಹಿಂದ ಗಡಿಯಾರ ಹಿಡಕೊಂಡು ಅಡಗಿ ಕೂಡ್ರತಿದ್ರು. ಅಳತಿ ಮಾಡಿದ ಇಷ್ಟು ದೂರ ಎಷ್ಟು ಹೊತ್ತಿನಾಗ ದಾಟಿದಿ ಅಂತ ಲೆಕ್ಕ ಹಾಕಿ ದಂಡಾ ಬಡೀತಿದ್ರು.

ಇದಕ್ಕ ಉತ್ತರಾಂತ 1905ರಾಗ ಮೋಟಾರಿನವರು ಕೂಡಿ 'ಆಟೊಮೊಬೈಲ್ ಅಸೋಸಿಯೇಷನ್' ಕಟ್ಟಿದ್ರು. ಮಂದಿ ಅದನ್ನ 'ಎಎ' ಅಂತಾರ. ಸಂಘದವರು ಸೈಕಲ್ ಮ್ಯಾಲೆ ಆಳು ಬಿಟ್ಟು, ಪೊಲೀಸರು ಎಲ್ಲೆ ಅಡಗ್ಯಾರ ಅಂತ ಪತ್ತೆ ಹಚ್ಚಿ ಬರೋ ಗಾಡಿಗೆ ಮುಂಚೇನ ಎಚ್ಚರ ಕೊಡಸತಿದ್ರು. ಐದು ವರ್ಷ ಹಿಂಗ ನಡೀತು. 1910ರಾಗ 'ಬೆಟ್ಸ್ ವಿರುದ್ಧ ಸ್ಟೀವನ್ಸ್' ಅನ್ನೋ ಖಟ್ಲೆದಾಗ ಕೋರ್ಟು, ಮಿತಿ ಮೀರಿ ಓಡಸೋವವಗ ಹಿಂಗ ಎಚ್ಚರಿಕಿ ಕೊಡೋದು ಪೊಲೀಸರ ಕೆಲಸಕ್ಕ ಅಡ್ಡ ಬಂದಂಗ, ಅದು ಅಪರಾಧ ಅಂತ ತೀರ್ಪು ಕೊಟ್ಟಿತು.

ಇಲ್ಲೆ ನೋಡ್ರಿ ಅವರ ಬುದ್ಧಿವಂತಿಕಿ. ಸಂಘದ ಸದಸ್ಯರ ಗಾಡಿಗೆ ಮುಂದ ಒಂದು ಬಿಲ್ಲೆ ಇರತಿತ್ತು. ಆ ಬಿಲ್ಲೆ ಕಂಡ ಕೂಡಲೆ ಸಂಘದ ಆಳು ನೆಟ್ಟಗ ನಿಂತು ಸಲಾಮು ಹೊಡೀಬೇಕು, ಮರ್ಯಾದಿಗೆ. ಮುಂದ ಪೊಲೀಸರು ಅಡಗಿದ್ರ ಸಲಾಮು ಹೊಡಿಯಂಗಿಲ್ಲ. ಸದಸ್ಯರಿಗೆ ಹೇಳಿದ್ದು ಇಷ್ಟ: ನಮ್ಮ ಆಳು ಸಲಾಮು ಹೊಡೀಲಿಲ್ಲಂದ್ರ ಗಾಡಿ ನಿಲ್ಲಿಸಿ ಯಾಕಂತ ಕೇಳ್ರಿ. ಬಾಯಿಬಿಟ್ಟು ಹೇಳಿದ್ರ ಶಿಕ್ಷಾ ಆಗಬಹುದು, ಆದ್ರ 'ನೀ ಯಾಕ ಸಲಾಮು ಹೊಡೀಲಿಲ್ಲ' ಅಂತ ಯಾವ ನ್ಯಾಯಾಧೀಶನೂ ಒಬ್ಬನ್ನ ಜೇಲಿಗೆ ಹಾಕಲಿಕ್ಕೆ ಬರೂದಿಲ್ಲ.

ಇದನ್ನ ಗಂಡಸರು ದೊಡ್ಡ ಉಪಾಯ ಅಂತ ಹೇಳತಾರ. ನಮಗೇನು ಹೊಸಾದಲ್ಲ. ಅರಿಷಿಣ-ಕುಂಕುಮಕ್ಕ ಓಣಿ ತುಂಬಾ ಕರದು ಒಂದು ಮನಿ ಬಿಟ್ರ ಆ ಮನಿಗೆ ಏನು ಸುದ್ದಿ ಮುಟ್ಟಬೇಕೋ ಮುಟ್ಟಿರತದ, ಯಾರೂ ಒಂದು ಅಕ್ಷರ ಅಂದಿರೂದಿಲ್ಲ. ದಿನಾ ಮಾಡೋ ನಮಸ್ಕಾರಕ್ಕ ಅರ್ಥ ಬರೋದ ಅದು ತಪ್ಪಿದ ದಿನ.

1930ರಾಗ ಇಂಗ್ಲೆಂಡಿನ ಸರಕಾರ ಮೋಟಾರಿನ ಆ 20 ಮೈಲಿ ಮಿತೀನ ತಗದುಹಾಕಿತು. ಸಲಾಮು ಮಾತ್ರ ಮುಂದ ಮೂರು ದಶಕ ಉಳೀತು, 1960ರ ದಶಕದ ಸುರುವಿನ ತನಕ. ಆಮ್ಯಾಲೆ ಹಾದ್ಯಾಗ ಗಾಡಿ ಎಷ್ಟ ಹೆಚ್ಚಾದ್ವು ಅಂದ್ರ, ಬಂದ ಬಂದ ಬಿಲ್ಲೆಗೆ ಸಲಾಮು ಹೊಡೀತಾ ಹೋದ್ರ ಸ್ವತಃ ತಮ್ಮ ಗಾಡಿ ನಡಸೋದ ಕಷ್ಟ.

ಈ ಕಥಿಯಾಗ ಹೆಣ್ಣಮಕ್ಕಳು ಎಲ್ಲೆ ಅಂತ ಕೇಳಿದ್ರ, ಇದ್ದಾರ. ಡೊರೊಥಿ ಲೆವಿಟ್ ಅನ್ನಾಕಿ 1909ರಾಗ ಹೆಂಗಸರಿಗಂತನ ಮೋಟಾರಿನ ಪುಸ್ತಕ ಬರದಳು. ಒಂದು ಕೈಗನ್ನಡಿ ಹತ್ತರ ಇಟಗೋರಿ, ನಡುನಡುವೆ ಎತ್ತಿ ಹಿಂದಿನ ಹಾದಿ ನೋಡಲಿಕ್ಕೆ ಬರತದ ಅಂತ ಅದರಾಗ ಹೇಳ್ಯಾಳ. ಗಾಡಿಗೆ ಹಿಂದಿನದು ನೋಡೋ ಕನ್ನಡಿ ಕೂಡಸೋ ರೂಢಿ ಬರೋಕಿಂತ ಮೊದಲಿನ ಮಾತಿದು. ಅದೇ ಪುಸ್ತಕದಾಗ, ಒಬ್ಬಾಕಿನ ಹಳ್ಳಿ ಹಾದಿಗೆ ಹೋಗೋದಿದ್ರ ಒಂದು ಸಣ್ಣ ಪಿಸ್ತೂಲೂ ಇರಲಿ ಅಂದಾಳ! ಅದೇ ವರ್ಷ ಅಮೆರಿಕಾದಾಗ 22 ವರ್ಷದ ಆಲಿಸ್ ರ‍್ಯಾಮ್ಸಿ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೊ ತನಕ 59 ದಿನ ಗಾಡಿ ಹೊಡದಳು. 3,800 ಮೈಲಿ ಹಾದಿಯಾಗ ಗಟ್ಟಿ ಸಡಕು ಇದ್ದದ್ದು ಬರೇ 152 ಮೈಲಿ. ಜೋಡಿ ಒಬ್ಬ ಗೆಳತಿ, ಇಬ್ರು ನಾದಿನಿಯರು. ಇಬ್ರು ನಾದಿನಿಯರ ಜೋಡಿ ಒಂದ ಗಾಡ್ಯಾಗ 59 ದಿನ! ಅದಕ್ಕ ಬ್ಯಾರೆ ಪದಕ ಕೊಡಬೇಕು.

ಆದ್ರ ಲೆವಿಟ್‌ಳ ಪಿಸ್ತೂಲಿನ ಮಾತು ನಾ ಮರೀಲಿಲ್ಲ. ಗಂಡಸರು ಹಾದ್ಯಾಗ ಒಬ್ಬರಿಗೊಬ್ಬರು ಸಲಾಮು ಹೊಡಕೋತ ಹೊಂಟಿದ್ದ ಅದೇ ಕಾಲದಾಗ, ಹೆಂಗಸಿಗೆ ಕನ್ನಡಿ ಮತ್ತ ಪಿಸ್ತೂಲು. ಗುರುತಿಲ್ಲದವರಿಗೆ ಕೈ ಎತ್ತೋದು ಎಲ್ಲಾರಿಗೂ ಒಂದ ಥರದ ಹಗುರ ಕೆಲಸ ಅಲ್ಲ.

ನನ್ನ ತಂಗಿ ಮಗಳು ಗಂಡನ ನೌಕರಿ ಸಲುವಾಗಿ ಪಶ್ಚಿಮ ಆಸ್ಟ್ರೇಲಿಯಾದ ಒಳನಾಡಿನ ಸಣ್ಣ ಊರಿಗೆ ಹೋದಾಕಿ, ಮೊದಲನೇ ತಿಂಗಳ ಫೋನ್ ಮಾಡಿದಳು: "ಮೌಶಿ, ಇಲ್ಲೆ ಗುರುತು ಪರಿಚಯ ಇಲ್ಲದ ಗಂಡಸರು ಗಾಡ್ಯಾಗಿಂದ ಬಟ್ಟು ತೋರಸತಾರ!" ಪಾಪ, ಅಂಜಿದ್ಲು. ಆಮ್ಯಾಲೆ ಬಾಜೂ ಮನಿ ಅಜ್ಜಿ ತಿಳಿಸಿ ಹೇಳಿದ್ಲಂತ. ಅದು ತೋರಬಟ್ಟು, ಸ್ಟೇರಿಂಗು ಬಿಡದ ಅದೊಂದನ್ನ ಮ್ಯಾಲೆ ಎತ್ತೋದು ಅಲ್ಲಿಯ ಹಳ್ಳಿ ಹಾದಿಯ ನಮಸ್ಕಾರ. ಮಣ್ಣು ಹಾದ್ಯಾಗ ಎರಡೂ ಕೈ ಸ್ಟೇರಿಂಗಿನ ಮ್ಯಾಲೆ ಇರಬೇಕಲ್ಲ, ಅದಕ್ಕ ಪೂರಾ ಕೈ ಎತ್ತೂದಿಲ್ಲ. ಸಾರೋಟಿನವನ ಕಿರಿಬಟ್ಟಿಗೂ ಇದೇ ಕಾರಣ ಇತ್ತು. ದೊಡ್ಡ ಊರು ಸಮೀಪ ಬಂದಂಗ ಬಟ್ಟು ಕೆಳಗ ಇಳೀತದ, ಊರು ದೂರಾದಂಗ ಏಳತದ.

ಯಾಕಂತ ತಿಳೀಬೇಕಂದ್ರ ಅಲ್ಲಿಯ ದೂರ ತಿಳೀಬೇಕು. ಆ ದೇಶದ ದಕ್ಷಿಣದಂಚಿನಾಗ ನಲ್ಲಾರ್ಬರ್ ಬಯಲು ದಾಟೋ ಐರ್ ಹೆದ್ದಾರಿ ಅದ. ಅದು ಪೂರಾ ಡಾಂಬರು ಕಂಡದ್ದು 1976ರಾಗ. ಅದರಾಗ ಬಾಲಡೋನಿಯಾದಿಂದ ಕೈಗುನಾ ಕಡೆ ಹೋಗೋವಾಗ 146.6 ಕಿಲೊಮೀಟರು ಒಂದು ತಿರುವೂ ಇಲ್ಲದ ನೇರ ಹಾದಿ. ಧಾರವಾಡದಿಂದ ಬೆಳಗಾವಿಗೆ ಹೋಗಿ ತಿರಗಿ ಬಂದಷ್ಟು, ಹೆಚ್ಚು ಕಡಿಮಿ. ಅಂಥಾದ್ರಾಗ ಬ್ಯಾಸಗಿ ಬಿಸಲಾಗ ಗಾಡಿ ಕೆಟ್ರ, ಗಾಡಿ ಬಿಟ್ಟು ನಡಕೊಂಡು ಹೋಗಬ್ಯಾಡ್ರಿ, ಅಲ್ಲೇ ನೆಳ್ಳಿಗೆ ನೀರು ಇಟಗೊಂಡು ಕೂಡ್ರಿ ಅಂತ ಎಲ್ಲಾರಿಗೂ ಕಲಸತಾರ. ಕೂತವರಿಗೆ ಆಸರಾ ಯಾರು? ಅದೇ ಹಾದೀಲೆ ಬರೋ ಗುರುತಿಲ್ಲದವ. ಬಟ್ಟು ಎತ್ತೋದಂದ್ರ 'ನಿನ್ನ ನೋಡೇನಿ' ಅಂದಂಗ. ಮುಂದ ಯಾರರ ಬಂದು "ಒಂದು ಬಿಳೇ ಗಾಡ್ಯಾಗ ಒಬ್ಬ ಹುಡುಗಿ ಹೋದದ್ದು ಕಂಡ್ರೇನು?" ಅಂತ ಕೇಳಿದ್ರ "ಹೌದು, ಇಂಥಾ ಹೊತ್ತಿಗೆ, ಇಂಥಾ ಕಡೆ" ಅನ್ನಲಿಕ್ಕೆ ಬರಬೇಕು. ಈಗ ಅಕಿನೂ ಬಟ್ಟು ಎತ್ತತಾಳ. ಊರೊಳಗ ಮಾತ್ರ ಎತ್ತೂದಿಲ್ಲ ಅಂದಳು. ನಂಗದು ಬರೋಬ್ಬರಿ ಅನಿಸ್ತು.

ನಮ್ಮ ಕಡೆಯ ಹಾದಿಗೂ ಅದರದ ಆದ ಭಾಷಾ ಅದ. ಎದುರಿನ ಲಾರಿಯವ ಹಾಡಹಗಲ ಎರಡು ಸಲ ಡಿಪ್ಪರ್ ಹೊಡದ್ರ, ಮುಂದ ಪೊಲೀಸರು ನಿಂತಾರ ಅಂತ ನಮ್ಮ ಹುಡುಗರು ಕೂಡಲೆ ಹೆಲ್ಮೆಟ್ ಏರಸತಾರ. 1905ರ ಸೈಕಲ್ಲಿನವರು ಮಾಡಿದ್ದೂ ಇದನ್ನ ಅಲ್ಲೇನು? ಸಣ್ಣ ಡಾಂಬರು ಹಾದ್ಯಾಗ ಎರಡು ಗಾಡಿ ಎದುರಾದಾಗ ಯಾರು ಮೊದಲ ಒಂದು ಗಾಲಿ ಮಣ್ಣಿಗೆ ಇಳಸತಾರೋ ಅವರಿಗೆ ಇನ್ನೊಬ್ಬ ಕೈ ಎತ್ತತಾನ. ಎತ್ತದವಗ ಬೈಗಳಾ.

ಎಲ್ಲಾದಕ್ಕಿಂತ ನಮಗ ಹತ್ತರದ್ದು ಸರಕಾರಿ ಬಸ್ಸಿನ ಡ್ರೈವರರ ಕೈ. ಎದುರು ಬಂದ ಬಸ್ಸಿಗೆ ಕೈ ಎತ್ತದ ಅವರು ದಾಟೂದಿಲ್ಲ. ಒಮ್ಮೊಮ್ಮೆ ನಡುಹಾದ್ಯಾಗ ಖಿಡಕಿಗೆ ಖಿಡಕಿ ಹಚ್ಚಿ ನಿಲ್ಲಿಸಿ ಎರಡು ಮಾತೂ ಆಡತಾರ. ಒಳಗ ಕೂತವರು ಗೊಣಗತಾರ. ನಾ ಎಂದೂ ಗೊಣಗಿಲ್ಲ, ಯಾಕಂದ್ರ ಧಾರವಾಡದಾಗ ಕಲೀತಿದ್ದ ಹಳ್ಳಿ ಹುಡುಗರ ಬುತ್ತಿ ಅದೇ ಬಸ್ಸಿನಾಗ ಬರತಿತ್ತು. ಮುಂಜಾನೆ ಐದಕ್ಕ ಎದ್ದು ರೊಟ್ಟಿ ಬಡದು, ಪಲ್ಯಾ, ಶೇಂಗಾ ಹಿಂಡಿ ಬಟ್ಟಿಯಾಗ ಕಟ್ಟಿ, ಡಬ್ಬಿ ಮ್ಯಾಲೆ ಹೆಸರು ಬರದು, ತಾಯಂದಿರು ಮೊದಲನೇ ಗಾಡಿಗೆ ಇಡತಿದ್ರು. ರಸೀದಿ ಇಲ್ಲ, ಪಗಾರ ಇಲ್ಲ. ಖಾಲಿ ಡಬ್ಬಿ ಸಂಜೀ ಗಾಡಿಗೆ ವಾಪಸ್. ಯಾವ ಗಾಡಿ ಎಲ್ಲೆ ಕೆಟ್ಟು ನಿಂತದ, ಯಾವುದು ತಡಾ ಅದ ಅನ್ನೋ ಸುದ್ದಿ ಆ ಖಿಡಕಿ ಮಾತಿನಾಗನ ದಾಟತಿತ್ತು. ಆ ಎರಡು ಮಾತಿನ ಮ್ಯಾಲೆ ಎಷ್ಟು ಹುಡುಗರು ಡಿಗ್ರಿ ಮುಗಿಸ್ಯಾರೋ.

ಹೆದ್ದಾರಿಯಾಗ ಈಗ ಇದ್ಯಾವುದೂ ಸಾಧ್ಯ ಇಲ್ಲ. ನಡುವ ಕಟ್ಟಿ, ಕಟ್ಟಿ ಮ್ಯಾಲೆ ಕಣಗಿಲ ಗಿಡಾ. ರಾತ್ರಿ ಎದುರಿನ ಬೆಳಕು ಕಣ್ಣಿಗೆ ಹೊಡೀಬಾರದು ಅಂತ ಹಚ್ಚ್ಯಾರ, ಒಳ್ಳೇದ. ಎದುರಿನವನ ಮಾರಿನೂ ಕಾಣೂದಿಲ್ಲ, ಅಷ್ಟ.

ಹೆದ್ದಾರಿ ಬಿಟ್ಟು ಒಳಗಿನ ಹಾದಿಗೆ ಬಂದ್ರ ಇನ್ನೂ ಅದ, ಅದೂ ಹೊಸಬರ ಕೈಯಾಗ. ನನ್ನ ಗೆಳತಿ ಹಳ್ಳಿ ಶಾಲಿ ಟೀಚರು. ದಿನಾ ಸ್ಕೂಟಿ ಮ್ಯಾಲೆ 18 ಕಿಲೊಮೀಟರು ಹೋಗತಾಳ. ಮುಂಜಾನೆ ಒಂಬತ್ತೂವರಿ ಸುಮಾರಿಗೆ ಕೆರಿ ಏರಿ ಹತ್ತರ ಇನ್ನೊಂದು ಸ್ಕೂಟಿ ಎದುರು ಬರತದ, ಅಕಿ ಆಶಾ ಕಾರ್ಯಕರ್ತೆ. ಇಬ್ರಿಗೂ ಹೆಲ್ಮೆಟ್ಟು, ಮಾರಿಗೆ ವೇಲು, ಗುರುತು ಸಿಗೋದು ಗಾಡಿ ಬಣ್ಣದ ಮ್ಯಾಲೆ. ಒಂದು ಸಣ್ಣ ಹಾರ್ನು, ಬ್ರೇಕಿನ ಮ್ಯಾಲಿನ ಎರಡು ಬಟ್ಟು ಮ್ಯಾಲೆ. ಎರಡು ವರ್ಷ ಹೆಸರೂ ಕೇಳಿದ್ದಿಲ್ಲ. ಹೋದ ಆಷಾಢದಾಗ ಒಂದಿನ ಆ ಹಸರು ಸ್ಕೂಟಿ ಬರಲಿಲ್ಲ. ಇವತ್ತು ರಜಾ ಇರಬೇಕು ಅಂದುಕೊಂಡು ನನ್ನ ಗೆಳತಿ ಮುಂದ ಹೋದಳು, ಶಾಲಿ ತನಕ ಹೋಗಿ ಮನಸ್ಸು ತಡೀಲಿಲ್ಲ, ಹೆಡ್‌ಮಾಸ್ತರಿಗೆ ಹೇಳಿ ಇನ್ನೊಬ್ಬ ಟೀಚರನ್ನ ಹಿಂದ ಕೂಡಿಸಿಕೊಂಡು ಆ ಊರಿನ ಹಾದಿ ಹಿಡದಳು. ಎರಡು ಕಿಲೊಮೀಟರು ಆಚೆ, ರಾಡ್ಯಾಗ ಜಾರಿ ಗಾಡಿ ಕಾಲಿನ ಮ್ಯಾಲೆ ಬಿದ್ದು, ಅಕಿ ಗಟಾರದ ದಂಡಿಗೆ ಕೂತಿದ್ಲು. ಫೋನು ನೀರಾಗ ಹೋಗಿತ್ತು.

"ನೀವ ಬರತೀರಿ ಅಂತ ಅಂದುಕೊಂಡಿದ್ದೆರಿ" ಅಂದಳಂತ.